ಎಡಗಾಲಿಗೆ ಸೂಟಿ

(1/6)

ಹೋದ ತಿಂಗಳು ಇದೇ ಪೇಜಲ್ಲಿ ಒಂದು ರೀಲ್ ಹಾಕಿದ್ದೆ, ನೆನಪಿರಬೇಕು. "ಆಟೋಮ್ಯಾಟಿಕ್ ಓಡಿಸೋದು ಡ್ರೈವಿಂಗೇ ಅಲ್ಲ, ಸುಮ್ನೆ ಕೂತು ಹೋಗೋದು" ಅಂತ ಡೈಲಾಗ್ ಹೊಡೆದಿದ್ದೆ. ಭಾಳ ಮಂದಿ ಚಪ್ಪಾಳೆ ಹಾಕಿದ್ರಿ. ನಮ್ಮ ಕ್ಲಾಸಿನ ಹುಡುಗರು ಸ್ಟೇಟಸ್ ಕೂಡ ಇಟ್ರು.

ಆ ರೀಲ್ ಈಗ ಇಲ್ಲ, ತೆಗೆದುಬಿಟ್ಟೆ. ಯಾಕೆ ತೆಗೆದೆ ಅಂತ ಕೇಳಿದವರಿಗೆಲ್ಲ ಒಂದೊಂದು ಸಾಲು ಉತ್ತರ ಬರೆದು ಸಾಕಾಯ್ತು. ಅದಕ್ಕೇ ಈ ಆರು ಪೋಸ್ಟ್. ಉದ್ದ ಇದಾವೆ, ಚಹಾ ಹಿಡ್ಕೊಂಡು ಓದ್ರಿ.

ಕಥೆ ಶುರುವಾಗಿದ್ದು ನಮ್ಮ ದೊಡ್ಡಪ್ಪನ ಮಗನಿಂದ. ಅಣ್ಣನ ಊರು ಭಾಲ್ಕಿ, ನೌಕರಿ ಹೈದರಾಬಾದಿನಲ್ಲಿ. ಮೂರು ವರ್ಷ ಪಗಾರ ಉಳಿಸಿ, "ತಮ್ಮಾ, ಒಂದು ಸ್ಪೋರ್ಟ್ಸ್ ಕಾರ್ ತಗೋಬೇಕು ನೋಡು" ಅಂದ. ನಮ್ಮ ಕಡೆ ಸ್ಪೋರ್ಟ್ಸ್ ಕಾರ್ ಅಂದ್ರೆ ಫೆರಾರಿ ಅಲ್ಲ ಅಂತ ನಿಮಗೂ ಗೊತ್ತು. ಅವನ ಬಜೆಟ್ಟಿಗೆ ಬಂದಿದ್ದು ಸೆಕೆಂಡ್ ಹ್ಯಾಂಡ್ ಪೋಲೋ. ಬೀದರ್ ಜಿಲ್ಲೆಯ ಹುಡುಗರಿಗೆ ಅದೇ ಪೋರ್ಷೆ.

ಎರಡು ಕಾರು ಸಿಕ್ಕವು, ಎರಡೂ ಅಣ್ಣನ ಪರಿಚಯದವರದೇ. ಬೀದರಿನಲ್ಲಿದ್ದದ್ದು 2016ರ ಪೋಲೋ ಜಿಟಿ ಟಿಎಸ್‌ಐ: 1.2 ಲೀಟರ್ ಇಂಜಿನ್, 105 ಪಿಎಸ್, ಏಳು ಗೇರಿನ ಆಟೋಮ್ಯಾಟಿಕ್. ಭಾಲ್ಕಿಯಲ್ಲಿದ್ದದ್ದು 2021ರದು: 1.0 ಲೀಟರ್ ಟರ್ಬೊ, 110 ಪಿಎಸ್, ಆರು ಗೇರಿನ ಮ್ಯಾನುವಲ್. ಮಜಾ ಅಂದ್ರೆ ಎರಡರ ಟಾರ್ಕೂ ಒಂದೇ, 175 ಎನ್ಎಂ. ಅಂದ್ರೆ ಎಳೆಯೋ ಶಕ್ತಿಯಲ್ಲಿ ಜಗಳ ಇಲ್ಲ. ಜಗಳ ಇರೋದು ಗೇರ್‌ಬಾಕ್ಸಲ್ಲಿ.

"ನೀ ಬಿಕಾಂ ಓದಲತ್ತಿ, ಲೆಕ್ಕ ಮಾಡಿ ಹೇಳು" ಅಂದ ಅಣ್ಣ. ನಾನು ಲೆಕ್ಕ ಮಾಡೋ ಮೊದಲೇ ರೀಲ್ ಮಾಡಿಬಿಟ್ಟೆ.

(2/6)

ಇದು ಟೆಕ್ನಿಕಲ್ ಪೋಸ್ಟ್. ಬೋರ್ ಆದ್ರೆ ಸ್ಕಿಪ್ ಮಾಡ್ರಿ, ಆಮೇಲೆ ಕಾಮೆಂಟಲ್ಲಿ ಜಗಳಕ್ಕೆ ಮಾತ್ರ ಬರಬೇಡ್ರಿ.

"ಆಟೋಮ್ಯಾಟಿಕ್" ಅಂತ ನಾವು ಒಂದೇ ಹೆಸರಲ್ಲಿ ಕರೆಯೋದು ಬೇರೆ ಬೇರೆ ಯಂತ್ರಗಳು. ಎಎಂಟಿ ಅಂದ್ರೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕೋ ಕೆಲಸ ಮಾತ್ರ ಯಂತ್ರ ಮಾಡ್ತದೆ. ಭಾರತದಲ್ಲಿ ಇದನ್ನ ಸಾಮಾನ್ಯ ಜನರ ಕಾರಿಗೆ ತಂದಿದ್ದು 2014ರ ಮಾರುತಿ ಸೆಲೆರಿಯೊ. ಟಾರ್ಕ್ ಕನ್ವರ್ಟರ್ ಇರೋ ಕಾರಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ಕೆಲಸ ಮಾಡ್ತದೆ, ಅದಕ್ಕೇ ಅದು ಮೆತ್ತಗೆ ಹೋಗ್ತದೆ. ಸಿವಿಟಿಯಲ್ಲಿ ಮೆಟ್ಟಿಲಿನಂಥ ಗೇರೇ ಇಲ್ಲ, ಎರಡು ಪುಲ್ಲಿ ಮತ್ತು ಒಂದು ಬೆಲ್ಟ್.

ಪೋಲೋ ಜಿಟಿಯಲ್ಲಿ ಇರೋದು ಡ್ಯುಯಲ್ ಕ್ಲಚ್. ಬ್ಯಾಂಕಲ್ಲಿ ಇಬ್ಬರು ಕ್ಯಾಶಿಯರ್ ಇದ್ದಾರೆ ಅಂದ್ಕೊಳ್ರಿ. ಒಬ್ಬರು 1, 3, 5, 7ನೇ ಟೋಕನ್ ನೋಡ್ತಾರೆ, ಇನ್ನೊಬ್ಬರು 2, 4, 6. ಮೂರನೇ ಟೋಕನ್ ಕೆಲಸ ನಡೆಯೋವಾಗಲೇ ನಾಲ್ಕನೆಯದರ ನೋಟು ಎಣಿಸಿ ರೆಡಿ ಇಟ್ಟಿರ್ತಾರೆ. ಹಾಗಾಗಿ ಗೇರ್ ಬದಲಾಗಿದ್ದು ಗೊತ್ತೇ ಆಗಲ್ಲ, ಅಷ್ಟು ಚುರುಕು. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ರಲ್ಲಿ ಮೊದಲು ಬಂದು, ಆಮೇಲೆ ಎಲ್ಲಾ ಕಡೆ ಹಬ್ಬಿತು.

ಸ್ಪೀಡಿನ ವಿಷಯದಲ್ಲಿ ಕೈಯಿಂದ ಗೇರ್ ಹಾಕೋರು ಯಂತ್ರಕ್ಕೆ ಸೋತು ಭಾಳ ವರ್ಷ ಆಯ್ತು. 1989ರಲ್ಲಿ ಫೆರಾರಿ ತನ್ನ ಫಾರ್ಮುಲಾ ಒನ್ ಕಾರಿಗೆ ಸ್ಟೇರಿಂಗ್ ಹಿಂದೆಯೇ ಗೇರ್ ಬದಲಿಸೋ ಪ್ಯಾಡಲ್ ಇಟ್ಟು, ಆ ಸೀಸನ್ನಿನ ಮೊದಲ ರೇಸನ್ನೇ ಗೆದ್ದಿತು. ಓಡಿಸಿದವರು ನೈಜಲ್ ಮ್ಯಾನ್ಸೆಲ್, ಜಾಗ ಬ್ರೆಜಿಲ್.

ಆದ್ರೆ 2013ರಲ್ಲಿ ಪೋರ್ಷೆ ತನ್ನ 911 ಜಿಟಿ3 ಕಾರನ್ನ ಡ್ಯುಯಲ್ ಕ್ಲಚ್‌ನಲ್ಲಿ ಮಾತ್ರ ಕೊಟ್ಟಾಗ ಮ್ಯಾನುವಲ್ ಪ್ರೇಮಿಗಳು ಬೇಜಾರಾದ್ರು. 2016ರಲ್ಲಿ ಕಂಪನಿ ಮ್ಯಾನುವಲ್ ಮಾತ್ರ ಇರೋ 911 ಆರ್ ತಂದಿತು. ಮಾಡಿದ್ದು ಬರೀ 991 ಕಾರು. 2017ರಲ್ಲಿ ಜಿಟಿ3ಗೂ ಮ್ಯಾನುವಲ್ ವಾಪಸ್ ಬಂತು. ಮ್ಯಾನುವಲ್ ಸ್ಲೋ ಅಂತ ಗೊತ್ತಿದ್ದೂ ಶ್ರೀಮಂತರು ಅದನ್ನೇ ಕೇಳಿದ್ರು. ಯಾಕಂದ್ರೆ ಅವರಿಗೆ ಬೇಕಾಗಿದ್ದು ಮಜಾ.

ಈ "ಮಜಾ" ಅನ್ನೋ ಶಬ್ದ ನೆನಪಿಟ್ಟುಕೊಳ್ರಿ. ನಾಲ್ಕನೇ ಪೋಸ್ಟಲ್ಲಿ ಬೇಕಾಗ್ತದೆ.

(3/6)

ಮೊದಲು ಭಾಲ್ಕಿಯ ಮ್ಯಾನುವಲ್. ಬೆಳಿಗ್ಗೆ ಆರೂವರೆಗೆ ಹಲಬರ್ಗಾ ಕಡೆ ಹೊರಟ್ವಿ. ರಸ್ತೆ ಖಾಲಿ, ಎರಡೂ ಕಡೆ ತೊಗರಿ ಹೊಲ. ಅಣ್ಣ ಓಡಿಸಿದ, ಆಮೇಲೆ ನಾನು.

ಏನು ಹೇಳ್ಲಿ! ತಿರುವು ಬರೋ ಮುಂಚೆ ನಾಲ್ಕರಿಂದ ಮೂರಕ್ಕೆ ತಂದು, ಕ್ಲಚ್ ಬಿಡೋವಾಗ ಎಕ್ಸಲೇಟರ್ ಸ್ವಲ್ಪ ಒತ್ತಿ ಇಂಜಿನ್ ಸದ್ದು ಸರಿಯಾಗಿ ಕೂಡಿಸಿದಾಗ ಕಾರು "ಹೂಂ" ಅಂದಂಗಾಗ್ತದೆ. ಐದು ಸಲ ಮಾಡಿದ್ರೆ ನಾಲ್ಕು ಸಲ ಜರ್ಕ್ ಹೊಡೀತು. ಐದನೇದು ಕರೆಕ್ಟ್ ಆದಾಗ ನಾವಿಬ್ಬರೂ ಕೂಗಿದ್ವಿ. ಕಾರು ನಾನು ಹೇಳಿದ್ದು ಕೇಳ್ತು ಅನ್ನೋ ಖುಷಿ ಅದು. ರೀಲ್ ಅಲ್ಲೇ ಹಲಬರ್ಗಾ ಹತ್ರ ಶೂಟ್ ಮಾಡಿದ್ದು.

ಅದೇ ದಿನ ಮಧ್ಯಾಹ್ನ ಬೀದರಿನ ಆಟೋಮ್ಯಾಟಿಕ್. ಬೇಕಂತಲೇ ಹಳೇ ಊರೊಳಗೆ ಚೌಬಾರಾ ಕಡೆ ತಗೊಂಡು ಹೋದ್ವಿ. ಮುಂದೆ ತಳ್ಳುಗಾಡಿ, ಪಕ್ಕದಲ್ಲಿ ಆಟೋ, ನಡುವೆ ಒಂದು ಎಮ್ಮೆ. ಅಲ್ಲಿ ಮ್ಯಾನುವಲ್ ಇದ್ದಿದ್ರೆ ಒಂದು, ನ್ಯೂಟ್ರಲ್, ಒಂದು, ನ್ಯೂಟ್ರಲ್ ಅಂತ ಕಾಲು ಸೋತು ಹೋಗ್ತಿತ್ತು. ಇದರಲ್ಲಿ ಬ್ರೇಕ್ ಬಿಟ್ರೆ ತಾನೇ ತೆವಳ್ತದೆ. ಒಂದು ಮಾತು: ಒಣ ಕ್ಲಚ್ ಇರೋ ಇಂಥ ಗೇರ್‌ಬಾಕ್ಸನ್ನ ಟ್ರಾಫಿಕ್ಕಲ್ಲಿ ಇಂಚಿಂಚು ತೆವಳಿಸ್ತಾ ಹೋದ್ರೆ ಕ್ಲಚ್ ಕಾಯ್ತದೆ. ಪೂರ್ತಿ ನಿಂತು, ಜಾಗ ಆದ ಮೇಲೆ ಮುಂದೆ ಹೋಗೋದು ಒಳ್ಳೇದು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇಂಥ ಕಾರಿನ ಸರ್ವಿಸ್ ರೆಕಾರ್ಡ್ ನೋಡದೇ ಅಡ್ವಾನ್ಸ್ ಕೊಡಬೇಡ್ರಿ.

ಚೆನ್ನಾಗಿತ್ತು, ಖರೇ ಹೇಳ್ತೀನಿ. ಆದ್ರೂ ಆ ರಾತ್ರಿ ನಾನು ರೀಲಿಗೆ ಹಾಕಿದ ಡೈಲಾಗ್ ಯಾವುದು ಅಂತ ನಿಮಗೆ ಗೊತ್ತೇ ಅದ.

(4/6)

ನಮ್ಮ ಮನೆ ಔರಾದಿನಲ್ಲಿ. ನಾನು ಬೀದರಿನಲ್ಲಿ ರೂಮ್ ಮಾಡಿಕೊಂಡಿದ್ದೀನಿ, ಶನಿವಾರ ಊರಿಗೆ ಹೋಗ್ತೀನಿ. ಅಪ್ಪ ಕ್ರೂಸರ್ ಡ್ರೈವರ್. ಔರಾದ್ ಟು ಬೀದರ್, 19 ವರ್ಷದಿಂದ. ಗಾಡಿ ಮಾಲೀಕರದು, ಅಪ್ಪನದು ದಿನಗೂಲಿ.

ಆ ಶನಿವಾರ ರಾತ್ರಿ ಅಪ್ಪ ಎಡಗಾಲು ಚಾಚಿ ಕೂತಿದ್ರು. ಅವ್ವ ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಲತಿದ್ಳು. ಇದು ನಮ್ಮನೇಲಿ ದಿನಾ ನಡೆಯೋದೇ, ನಾನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ತಂಗಿ ಪಕ್ಕದಲ್ಲಿ ಕೂತು ನನ್ನ ರೀಲ್ ಮತ್ತೆ ಮತ್ತೆ ಹಾಕಲತಿದ್ಳು.

"ಇದು ನಿನ್ ಧ್ವನಿ ಏನು?" ಅಂದ್ರು ಅಪ್ಪ.

"ಹೌದಪ್ಪಾ."

ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದ್ರು. ಸಿಟ್ಟು ಮಾಡ್ತಾರೆ ಅಂದ್ಕೊಂಡೆ. ನಕ್ಕರು. "ಕ್ಲಚ್ ತುಳಿಯೋದು ಮಜಾ ಅಂತಿಯಲ್ಲ ತಮ್ಮಾ, ದಿನಕ್ಕ ಎಷ್ಟು ಸಲ ತುಳಿತಿ?"

ಉತ್ತರ ಬರಲಿಲ್ಲ. ಅವರೂ ಮುಂದೆ ಏನೂ ಅನ್ನಲಿಲ್ಲ, ಊಟಕ್ಕೆ ಎದ್ದರು. ಏಳೋವಾಗ ಗೋಡೆ ಹಿಡಿದುಕೊಂಡರು.

ಸೋಮವಾರ ಬೆಳಿಗ್ಗೆ ಅವರ ಗಾಡಿಯಲ್ಲೇ ಮುಂದಿನ ಸೀಟಲ್ಲಿ ಕೂತು ಬೀದರಿಗೆ ಬಂದೆ. ಮೊಬೈಲಲ್ಲಿ ಕೌಂಟರ್ ಆ್ಯಪ್ ಹಾಕಿಕೊಂಡು ಅಪ್ಪನ ಎಡಗಾಲು ಎಣಿಸ್ತಾ ಕೂತೆ. ಸಂತಪುರದಲ್ಲಿ ಇಳಿಸೋದು, ಹತ್ತಿಸೋದು. ಕೌಠಾದಲ್ಲಿ ಮತ್ತೆ. ನಡುವೆ ಯಾರು ಕೈ ಎತ್ತಿದ್ರೂ ನಿಲ್ಲಿಸಬೇಕು. ಮಾಂಜ್ರಾ ಸೇತುವೆ, ಜನವಾಡ, ಆಮೇಲೆ ಬೀದರಿನ ಏರು. ಬೀದರ್ ಮುಟ್ಟಿದಾಗ ಕೌಂಟರಿನಲ್ಲಿ 212.

ದಿನಕ್ಕೆ ನಾಲ್ಕು ಟ್ರಿಪ್, 848. ತಿಂಗಳಿಗೆ 25 ದಿನ, 21,200. ವರ್ಷಕ್ಕೆ 2,54,400. 19 ವರ್ಷಕ್ಕೆ 48,33,600.

48 ಲಕ್ಷ. ಬಿಕಾಂ ಲೆಕ್ಕ ಮೊದಲ ಸಲ ಕೈ ನಡುಗಿಸ್ತು. ಮೊಣಕಾಲು ನೋವಿಗೆ ಕ್ಲಚ್ಚೇ ಕಾರಣ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ವಯಸ್ಸೂ ಅದ. ಆದ್ರೆ ಅಪ್ಪನ ಬಲಗಾಲು ಚೆನ್ನಾಗೇ ಅದ.

ಅವತ್ತೇ ಕ್ಲಾಸಿಗೆ ಹೋಗೋ ಮುಂಚೆ ರೀಲ್ ತೆಗೆದೆ.

(5/6)

ಮುಂದಿನ ಭಾನುವಾರ ಅಣ್ಣ ಆ ಆಟೋಮ್ಯಾಟಿಕ್ಕನ್ನ ಅರ್ಧ ದಿನಕ್ಕೆ ಕೇಳಿ ತಂದ. ಅಪ್ಪನನ್ನ ಬೀದರಿಗೆ ಕರೆಸಿದ್ವಿ. "ಕಾಕಾ, ಒಂದು ರೌಂಡ್ ಹೊಡೀರಿ" ಅಂದ ಅಣ್ಣ. ಅಪ್ಪ ಮೊದಲು ಬೇಡ ಅಂದ್ರು. ಆಮೇಲೆ ಚಪ್ಪಲಿ ಬಿಟ್ಟು ಕೂತರು.

ಖಾಲಿ ಜಾಗದಲ್ಲಿ ಎರಡು ಸುತ್ತು ಸರಿ ಹೋಯ್ತು. ಚಹಾ ಅಂಗಡಿ ಮುಂದೆ ನಿಲ್ಲಿಸೋವಾಗ ಅಭ್ಯಾಸಬಲ, ಎಡಗಾಲಿಂದ ಕ್ಲಚ್ ಅಂತ ಬ್ರೇಕೇ ತುಳಿದುಬಿಟ್ರು. ಕ್ಲಚ್ ತುಳಿಯೋ ಜೋರಲ್ಲಿ! ಕಾರು ಧಡ್ ಅಂತ ನಿಂತಿತು. ಹಿಂದೆ ಕೂತಿದ್ದ ನನ್ನ ಹಣೆ ಮುಂದಿನ ಸೀಟಿಗೆ ಬಡೀತು. ಅಂಗಡಿ ಮುಂದೆ ಕೂತವರೆಲ್ಲ ನಕ್ಕರು. ಅಪ್ಪನ ಮುಖ ಸಣ್ಣದಾಯ್ತು. 19 ವರ್ಷದ ಡ್ರೈವರ್ ಅವರು. ನನ್ನ ರೀಲ್ ಡೈಲಾಗ್ ಕಿವಿಯಲ್ಲಿ ಕೇಳಿದಂಗಾಯ್ತು, ನಗೋರಲ್ಲಿ ನಾನೂ ಒಬ್ಬ ಅನ್ನಿಸ್ತು.

ಮ್ಯಾನುವಲ್ ಓಡಿಸೋರು ಮೊದಲ ಸಲ ಆಟೋಮ್ಯಾಟಿಕ್ ಹತ್ತಿದ್ರೆ ಎಡಗಾಲನ್ನ ಸೀಟಿನ ಕಡೆ ಹಿಂದಕ್ಕೆ ಮಡಚಿ ಇಟ್ಕೊಳ್ರಿ. ಗ್ಯಾಸೂ ಬಲಗಾಲೇ, ಬ್ರೇಕೂ ಬಲಗಾಲೇ. ಅಪ್ಪಗೂ ಇದೇ ಹೇಳಿದೆ.

ಜನವಾಡ ಕಡೆ ಇಳಿಯೋ ರಸ್ತೆ ಅವರದೇ ರಸ್ತೆ. ಇಳಿಜಾರು ಬಂದ ಕೂಡ್ಲೇ ಕೇಳಿದ್ರು, "ಇದರಾಗ ಗೇರ್ ಕಮ್ಮಿ ಮಾಡೋದು ಹ್ಯಾಂಗ? ಬರೀ ಬ್ರೇಕ್ ಮ್ಯಾಲ ಇಳಿಸಬಾರದು." ಲಿವರ್ ಪಕ್ಕಕ್ಕೆ ತಳ್ಳಿ ಕೆಳಗಿನ ಗೇರಿಗೆ ತರೋದು ಅಣ್ಣ ತೋರಿಸಿದ. ಇಂಜಿನ್ ಹಿಡಿತ ಬಂತು. "ಹಾಂ, ಈಗ ಸರಿ" ಅಂದ್ರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರಾಲಿ ಎಳೆದುಕೊಂಡು ಬರಲತಿತ್ತು. ನಾನು ನೋಡೋ ಮೊದಲೇ ಅಪ್ಪ ಸ್ಪೀಡ್ ಇಳಿಸಿ, ಎಡಕ್ಕೆ ಜಾಗ ಬಿಟ್ಟಿದ್ರು. ಕ್ಲಚ್ ಇಲ್ಲದೇನೂ ಅವರು ಅದೇ ಡ್ರೈವರ್. ನಾನು ಮ್ಯಾನುವಲ್ ಹಿಡಿದರೂ ಆ ಟ್ರ್ಯಾಕ್ಟರನ್ನ ಅಷ್ಟು ಬೇಗ ನೋಡ್ತಿರಲಿಲ್ಲ.

ವಾಪಸ್ ಏರು ಹತ್ತೋವಾಗ ಅಪ್ಪ ಎಡಗಾಲು ಚಾಚಿ, ಮೊಣಕಾಲು ತಟ್ಟಿಕೊಂಡು ಅಂದ್ರು: "ಎಡಗಾಲಿಗಿ ಇವತ್ತು ಸೂಟಿ ನೋಡಪಾ."

ಈ ಪೋಸ್ಟಿನ ಫೋಟೊ ಆಗ ತೆಗೆದದ್ದು. ಬರೀ ಕಾಲು ಅದ, ಮುಖ ಬೇಡ ಅಂದ್ರು.

(6/6)

ಕೊನೆಗೆ ಅಣ್ಣ ಯಾವುದು ತಗೊಂಡ?

ಮ್ಯಾನುವಲ್! ಹೌದು, ನಾನೇ ಹೇಳಿದ್ದು. ಈ ಸಲ ಲೆಕ್ಕ ಹಾಕಿ ಹೇಳಿದೆ. ಅಣ್ಣ ಆಫೀಸಿಗೆ ಹೋಗೋದು ಮೆಟ್ರೋದಲ್ಲಿ. ಕಾರು ವಾರವಿಡೀ ನಿಂತಿರ್ತದೆ, ಶನಿವಾರ ಜಹೀರಾಬಾದ್ ಮೇಲೆ ಬೀದರ್, ಅಲ್ಲಿಂದ ಭಾಲ್ಕಿ. ಹೆಚ್ಚಿನ ದಾರಿ ಹೈವೇ. ಭಾಲ್ಕಿ ಕಾರು ಐದು ವರ್ಷ ಹೊಸದು, ಕಮ್ಮಿ ಓಡಿದ್ದು, ಗೇರ್‌ಬಾಕ್ಸ್ ಸರಳ. ಅವನಿಗೆ ಓಡಿಸೋದು ಆಟ, ಆಟಕ್ಕೆ ಮ್ಯಾನುವಲ್ ಸರಿ. ಅವನು ದಿನಾ ಹೈದರಾಬಾದ್ ಟ್ರಾಫಿಕ್ಕಲ್ಲಿ ಎರಡು ತಾಸು ಓಡಿಸೋನಾಗಿದ್ರೆ ಕಣ್ಣು ಮುಚ್ಚಿ ಆಟೋಮ್ಯಾಟಿಕ್ ಅಂತಿದ್ದೆ.

ನಂಗೂ ಮುಂದೆ ಕಾರು ಬಂದ್ರೆ ಮ್ಯಾನುವಲ್ಲೇ ಬೇಕು. ಹಲಬರ್ಗಾ ತಿರುವಿನ ಆ "ಹೂಂ" ಇನ್ನೂ ಕಿವೀಲಿ ಅದ. ಅದರ ಬಗ್ಗೆ ನಾಚಿಕೆ ಇಲ್ಲ. ನಾಚಿಕೆ ಇರೋದು ಆ ಡೈಲಾಗಿನ ಬಗ್ಗೆ. ಆಟ ಆಡೋನು ಕೆಲಸ ಮಾಡೋರಿಗೆ "ನಿಮ್ಮದು ಡ್ರೈವಿಂಗೇ ಅಲ್ಲ" ಅಂದಂಗಾಯ್ತು. ಅಪ್ಪಗೆ ಮನೇಲಿ ಸಾರಿ ಕೇಳಿದೀನಿ. ಆ ರೀಲ್ ನೋಡಿ ಬೇಜಾರಾದವರಿಗೆ ಇಲ್ಲಿ.

ಅಪ್ಪ ಈಗಲೂ ಕ್ರೂಸರೇ ಓಡಿಸ್ತಾರೆ. ಇವತ್ತೂ 848 ಆಗಿರ್ತದೆ. ಯಾವ ಗೇರ್‌ಬಾಕ್ಸ್ ಅಂತ ಅವರನ್ನ ಯಾರೂ ಕೇಳೋದಿಲ್ಲ, ಮಾಲೀಕರು ತಂದದ್ದೇ ಗಾಡಿ. ಮೊನ್ನೆ ಊಟ ಮಾಡೋವಾಗ, "ಅಂಥಾದು ಹಳೇದು ಎಷ್ಟಕ್ಕ ಸಿಗ್ತದ?" ಅಂತ ಕೇಳಿದ್ರು. ಎಎಂಟಿ ಕಾರುಗಳ ರೇಟ್ ಹೇಳಿದೆ. "ಇರಲಿ, ಮೊದಲ ನಿನ್ ಡಿಗ್ರಿ ಮುಗೀಲಿ" ಅಂದು ಸುಮ್ಮನಾದ್ರು.

ಟ್ಯೂಷನ್ ಹೇಳಿ ಬರೋ ದುಡ್ಡಲ್ಲಿ ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 500ರ ಆರ್‌ಡಿ ಶುರು ಮಾಡಿದ್ದೀನಿ. ಐದು ವರ್ಷಕ್ಕೆ ಅಸಲು 30 ಸಾವಿರ, ಮೇಲೆ ಬಡ್ಡಿ. ಇದರಲ್ಲಿ ಕಾರ್ ಬರಲ್ಲ, ಅಷ್ಟು ಬಿಕಾಂ ನಂಗೂ ಬರ್ತದೆ. ಡೌನ್ ಪೇಮೆಂಟಿಗೆ ಒಂದು ತುಂಡು ಆಗ್ತದೆ.

ಕೊನೇ ಮಾತು. "ಮ್ಯಾನುವಲ್ಲಾ, ಆಟೋಮ್ಯಾಟಿಕ್ಕಾ" ಅಂತ ಪೋಲ್ ಹಾಕಲ್ಲ ಈ ಸಲ. ನಿಮ್ಮ ಮನೇಲಿ ಬಸ್, ಲಾರಿ, ಟ್ರ್ಯಾಕ್ಟರ್, ಕ್ರೂಸರ್ ಓಡಿಸೋರು ಇದ್ರೆ ಒಂದು ಟ್ರಿಪ್ ಪಕ್ಕದಲ್ಲಿ ಕೂತು ಎಣಿಸ್ರಿ. ಬಂದ ನಂಬರ್ ಕಾಮೆಂಟಲ್ಲಿ ಹಾಕ್ರಿ. ನನ್ನದು 212.

#ಎಡಗಾಲಿಗೆಸೂಟಿ #ಬೀದರ್ #ಭಾಲ್ಕಿ #ಔರಾದ್ #ಕ್ರೂಸರ್