ಕನ್ನಡಿ ಬಿಚ್ಚಿದ ಗಾಡಿ

ಘಾಟಿ ಸುಬ್ರಹ್ಮಣ್ಯದ ರಸ್ತೆ ಪಕ್ಕ ಮನೆ ಇದ್ದವರಿಗೆ ಭಾನುವಾರ ಅಲಾರಂ ಬೇಕಾಗಿಲ್ಲ. ಬೆಳಿಗ್ಗೆ ಆರು ಗಂಟೆಗೆಲ್ಲ ಬೆಂಗಳೂರಿನ ಬೈಕುಗಳು ಬರೋಕೆ ಶುರು. ನಂದಿ ಬೆಟ್ಟದ ಜನಜಂಗುಳಿ ನೋಡಿ ಬೇಜಾರಾಗಿ ಇತ್ತ ತಿರುಗಿದವರು ಸ್ವಲ್ಪ, ತಿರುವುಗಳಿವೆ ಅಂತ ನೇರ ಇಲ್ಲಿಗೇ ಬರುವವರು ಸ್ವಲ್ಪ. ಸದ್ದು ಕೇಳಿಸಿದ ತಕ್ಷಣ ನಮ್ಮಮ್ಮ ಒಲೆ ಮುಂದಿನಿಂದಲೇ "ಬಂದ್ರು ನೋಡು ನಿನ್ ನೆಂಟ್ರು" ಅಂತಾಳೆ. ನಾನು ರೇಸ್ ಓಡಿಸ್ತೀನಿ ಅನ್ನೋ ಒಂದೇ ಕಾರಣಕ್ಕೆ ಸೈಲೆನ್ಸರ್ ಬದಲಾಯಿಸಿಕೊಂಡ ಪ್ರತಿಯೊಬ್ಬನೂ ನನ್ನ ನೆಂಟ :)

ವಾರದಲ್ಲಿ ಆರು ದಿನ ನಾನು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲೇಥ್ ಮುಂದೆ ನಿಲ್ಲುವವನು. ವರ್ಷಕ್ಕೆ ಎರಡೋ ಮೂರೋ ವಾರಾಂತ್ಯ ಮಾತ್ರ ರೇಸರ್. ಗಾಡಿ 155 ಸಿಸಿಯ ಯಮಹಾ ಆರ್15, ಅದೂ ಸೆಕೆಂಡ್ ಹ್ಯಾಂಡ್. ಚರ್ಮದ ಸೂಟು ನನಗಿಂತ ಒಂದು ಸುತ್ತು ದಪ್ಪಗಿದ್ದ ಒಬ್ಬರಿಂದ ಕೊಂಡಿದ್ದು. ಇಷ್ಟೆಲ್ಲ ಕಟ್ಟಿಕೊಂಡು ಪ್ರತಿ ಸಲ ತಮಿಳುನಾಡಿಗೆ ಹೊರಟಾಗ ಚಿಕ್ಕಪ್ಪ ಕೇಳೋದು ಒಂದೇ ಪ್ರಶ್ನೆ: "ಮನೆ ಮುಂದೇನೇ ಇಂಥ ರಸ್ತೆ ಇಟ್ಕೊಂಡು ಕೊಯಮತ್ತೂರಿಗೆ ಯಾಕ್ಲಾ ಹೋಗ್ತೀಯ?" ಚಿಕ್ಕಪ್ಪ ತಮಾಷೆಗೆ ಕೇಳೋದು. ಅವರ ಮಗ ಇದ್ದಾನಲ್ಲ, ನನ್ನ ತಮ್ಮ, ಈಗ ತಾನೇ ಹತ್ತೊಂಬತ್ತು ತುಂಬಿದವನು, ಅವನು ನಿಜವಾಗಿಯೂ ಕೇಳುತ್ತಾನೆ. ಅವನ ಗುಂಪಿನವರು ಊರ ಬಾಗಿಲಿಂದ ದೇವಸ್ಥಾನದ ತಿರುವಿನ ತನಕ ಮೊಬೈಲಿನಲ್ಲಿ ಟೈಮ್ ನೋಡಿ ಓಡಿಸುತ್ತಾರೆ. ನಮ್ಮ ಬೀದಿಯಲ್ಲೇ ಹೀಗೆ ಮಗನನ್ನು ಕಳಕೊಂಡ ಒಂದು ಮನೆ ಇದೆ. ಆ ಮನೆ ಮುಂದೆ ಹೋಗುವಾಗ ಈ ಹುಡುಗರು ಆಕ್ಸಿಲರೇಟರ್ ಇಳಿಸುತ್ತಾರೆ, ದಾಟಿದ ಮೇಲೆ ಮತ್ತೆ ಏರಿಸುತ್ತಾರೆ.

ಅವನಿಗೆ ನಾನು ಬುದ್ಧಿ ಹೇಳಲಿಲ್ಲ. ನನ್ನ ಬಾಯಲ್ಲಿ ಬುದ್ಧಿಮಾತು ಬಂದರೆ ಅವನು ನಗ್ತಾನೆ. ಬದಲಿಗೆ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ತಿರುವು ಬರೆದೆ. ರೇಸಿನಲ್ಲಿ ತಿರುವು ತಗೊಳ್ಳೋ ರೀತಿ ಇಷ್ಟೇ: ಹೊರ ಅಂಚಿನಿಂದ ಒಳಗೆ ಬಂದು, ಒಳ ಅಂಚನ್ನು ಮುಟ್ಟಿ, ಮತ್ತೆ ಹೊರ ಅಂಚಿಗೆ ಹೋಗೋದು. ಹಾಗೆ ಮಾಡಿದರೆ ಬಾಗು ದೊಡ್ಡದಾಗುತ್ತೆ, ಬಾಗು ದೊಡ್ಡದಾದಷ್ಟೂ ವೇಗ ಉಳಿಯುತ್ತೆ. ಈ ಗೆರೆಗೆ ರಸ್ತೆಯ ಪೂರ್ತಿ ಅಗಲ ಬೇಕು. ಈಗ ಅದೇ ತಿರುವಿನ ಮಧ್ಯ ಒಂದು ಬಿಳಿ ಗೆರೆ ಎಳೆ. ನಿನ್ನ ಗೆರೆಯ ಅರ್ಧ ಎದುರುಗಡೆಯಿಂದ ಬರುವವನ ಜಾಗದಲ್ಲಿದೆ. ಘಾಟಿ ರಸ್ತೆಯಲ್ಲಿ ಟ್ರ್ಯಾಕಿನ ಹಾಗೆ ಓಡಿಸ್ತೀನಿ ಅನ್ನೋದರ ಅರ್ಥ, ಪ್ರತಿ ತಿರುವಿನಲ್ಲೂ ಎದುರಿಗೆ ಯಾರೂ ಬರಲ್ಲ ಅಂತ ಪಣ ಕಟ್ಟೋದು.

ಎದುರಿಗೆ ಬರುವವರು ಯಾರು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹುಲ್ಲು ಹೇರಿಕೊಂಡ ಟ್ರ್ಯಾಕ್ಟರು, ಮುಡಿ ಕೊಡೋಕೆ ಮಗು ಕರಕೊಂಡು ಬರೋ ಟೆಂಪೊ, ಕೋತಿಗಳು. ಪುಷ್ಯ ಮಾಸದ ಜಾತ್ರೆಗೆ ಮುಂಚೆ ದನಗಳ ಪರಿಷೆ ಸೇರುತ್ತಲ್ಲ, ಆಗ ಹಳ್ಳಿಕಾರ್ ಜೋಡಿಗಳು ರಸ್ತೆ ತುಂಬ. ಅದೇ ಸಮಯಕ್ಕೆ ಸುಗ್ಗಿ. ರಾಗಿ, ಹುರುಳಿ ಎಲ್ಲ ಟಾರಿನ ಮೇಲೆ ಹರಡಿರುತ್ತಾರೆ, ವಾಹನ ಹಾಯ್ದು ಒಕ್ಕಣೆ ಆಗಲಿ ಅಂತ. ಟೈರಿನ ಕೆಳಗೆ ಹುರುಳಿ ಕಾಳು ಅಂದರೆ ಬೇರಿಂಗ್ ಗುಂಡುಗಳ ಮೇಲೆ ನಿಂತ ಹಾಗೆ, ಇದು ಲೇಥ್ ಕೆಲಸದವನ ಮಾತು. ಟೈರಿಗೆ ಇರೋ ಹಿಡಿತ ಒಂದೇ, ಅದನ್ನ ಬ್ರೇಕಿಗೂ ತಿರುವಿಗೂ ಹಂಚಬೇಕು. ವೇಗ ಎರಡು ಪಟ್ಟಾದರೆ ನಿಲ್ಲಿಸೋಕೆ ಬೇಕಾದ ದೂರ ಸುಮಾರು ನಾಲ್ಕು ಪಟ್ಟು. ಹಿಡಿತವೇ ಇಲ್ಲದ ಕಡೆ ಯಾವ ಲೆಕ್ಕವೂ ಇಲ್ಲ.

ಮಾತಿಗಿಂತ ನೋಡಿದರೆ ಚೆನ್ನ ಅಂತ ಕಳೆದ ಆಷಾಢದಲ್ಲಿ ಅವನನ್ನೂ ಕರಕೊಂಡು ಹೊರಟೆ. ಅಪ್ಪ ತಾವೂ ಬರ್ತೀನಿ ಅಂದರು, ಅದು ಅನಿರೀಕ್ಷಿತ. "ಆಷಾಢದಲ್ಲಿ ಯಾವ ಶುಭಕಾರ್ಯನೋ ನಿಮ್ದು" ಅಂತ ಅಮ್ಮನ ತಕರಾರು ಇದ್ದೇ ಇತ್ತು, ಆದರೂ ಘಾಟಿಯಲ್ಲಿ ಗಾಡಿಗೆ ಪೂಜೆ ಮಾಡಿಸಿ ಹ್ಯಾಂಡಲಿಗೆ ದಾರ ಕಟ್ಟಿ ಕಳಿಸಿದಳು. ಚಿಕ್ಕಪ್ಪನ ತರಕಾರಿ ಪಿಕಪ್‌ನಲ್ಲಿ ಗಾಡಿ ನಿಲ್ಲಿಸಿ, ಹಗ್ಗ ಬಿಗಿದು, ಹೊಸೂರು, ಕೃಷ್ಣಗಿರಿ, ಸೇಲಂ ಮೇಲೆ ರಾತ್ರಿಯಿಡೀ ಹೋದರೆ ಹೆಚ್ಚುಕಮ್ಮಿ ನಾನೂರು ಕಿಲೋಮೀಟರ್.

ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಪುಟ್ಟ ಟ್ರ್ಯಾಕು, ಒಂದು ಸುತ್ತು ಸುಮಾರು 2.1 ಕಿಲೋಮೀಟರ್. ಆ ಊರಿನ ರೇಸರ್, ತಾವೇ ರೇಸ್ ಕಾರುಗಳನ್ನು ಕಟ್ಟಿಸಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇನ್ನೊಂದು ಹಳೆಯ ಟ್ರ್ಯಾಕು ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈಯಲ್ಲಿ, 1990ರಿಂದ ಇದೆ. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಜಾವಾ, ಯೆಜ್ಡಿ ತಯಾರಾಗಿದ್ದು ನಮ್ಮ ಮೈಸೂರಿನಲ್ಲಿ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಬೆಂಗಳೂರಿನವರು. ಓಡಿಸುವವರು ಇಲ್ಲಿನವರು, ಆದರೆ ನನ್ನಂಥವನು ಒಂದು ರೇಸ್ ಓಡಿಸಬೇಕು ಅಂದರೆ ಗಡಿ ದಾಟಬೇಕು. ಪ್ರವೇಶ ಶುಲ್ಕ, ಟೈರು, ಪೆಟ್ರೋಲು, ಡೀಸೆಲ್ಲು, ರೂಮು ಅಂತ ಒಂದು ವಾರಾಂತ್ಯಕ್ಕೆ ನನ್ನ ಒಂದೂವರೆ ತಿಂಗಳ ಸಂಬಳ ಹೋಗುತ್ತೆ. ಘಾಟಿ ರಸ್ತೆಗೆ ಒಂದು ಲೀಟರ್ ಪೆಟ್ರೋಲ್ ಸಾಕು. ಹುಡುಗರು ಅಲ್ಲಿಗೆ ಯಾಕೆ ಹೋಗ್ತಾರೆ ಅಂತ ಬೇರೆ ಕೇಳಬೇಕಾ?

ಗಾಡಿ ತಪಾಸಣೆ ಒಂದು ದೊಡ್ಡ ಕಥೆ. ಹೆಡ್‌ಲೈಟು, ಇಂಡಿಕೇಟರು, ನಂಬರ್ ಪ್ಲೇಟು, ಸ್ಟ್ಯಾಂಡು, ಕನ್ನಡಿ ಎಲ್ಲ ಬಿಚ್ಚಬೇಕು. ಆಯಿಲ್ ಬೋಲ್ಟು ಸಡಿಲ ಆಗದ ಹಾಗೆ ತೂತು ಕೊರೆದು ತಂತಿಯಲ್ಲಿ ಬಿಗಿಯಬೇಕು, ಯಾಕೆಂದರೆ ನನ್ನ ಎಂಜಿನ್ನಿನ ಆಯಿಲು ಚೆಲ್ಲಿದರೆ ಬೀಳೋನು ನಾನಲ್ಲ, ಹಿಂದೆ ಬರೋನು. ತಪಾಸಣೆಯವರು ಹ್ಯಾಂಡಲಿನ ದಾರ ನೋಡಿ "ಇದೂ" ಅಂತ ಸನ್ನೆ ಮಾಡಿದರು. ಅಪ್ಪ ಏನೂ ಮಾತಾಡದೆ ಬಿಚ್ಚಿ ತಮ್ಮ ಕೈಗೇ ಕಟ್ಟಿಕೊಂಡರು. ಅವರಿಗೆ ತಡೆಯೋಕಾಗದೇ ಇದ್ದಿದ್ದು ಕನ್ನಡಿ.

"ಕನ್ನಡಿ ಇಲ್ದೆ ಹಿಂದಿನೋನು ಹೆಂಗೆ ಕಾಣ್ತಾನೆ?"

"ಕಾಣೋದು ಬೇಡಪ್ಪ. ಬಿದ್ರೆ ಗಾಜು ಚೂರಾಗುತ್ತೆ. ದಾಟಿ ಹೋಗೋ ಜವಾಬ್ದಾರಿ ಹಿಂದಿನೋನ್ದು."

"ನಮ್ ಘಾಟೀಲಿ ದೇವರ್ನ ನೋಡೋಕೇ ಕನ್ನಡಿ ಬೇಕು, ನಿಮ್ಗೆ ಬೇಡ್ವಾ?"

ಘಾಟಿಗೆ ಬಂದವರಿಗೆ ಗೊತ್ತಿರುತ್ತೆ. ಒಂದೇ ಕಲ್ಲಿನಲ್ಲಿ ಮುಂದೆ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಹಿಂದೆ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಹಿಂದಿನ ದೇವರು ಕಾಣಲಿ ಅಂತ ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಅಪ್ಪನಿಗೆ ಉತ್ತರ ಕೊಡೋಕಾಗಲಿಲ್ಲ, ತಮ್ಮ ಬಿದ್ದು ಬಿದ್ದು ನಕ್ಕ.

ಶನಿವಾರ ಬೆಳಿಗ್ಗೆ ಅಭ್ಯಾಸ, ಆಮೇಲೆ ಅರ್ಹತಾ ಸುತ್ತು. ಹದಿನೇಳು ಜನರಲ್ಲಿ ಹದಿಮೂರನೇ ಜಾಗ. ಪಾಲಕ್ಕಾಡ್ ಕಡೆಯಿಂದ ಬರೋ ಗಾಳಿ ಆ ತಿಂಗಳಲ್ಲಿ ಎಷ್ಟು ಜೋರು ಅಂದರೆ ನೇರ ಹಾದಿಯಲ್ಲಿ ಟ್ಯಾಂಕಿಗೆ ಗದ್ದ ಒತ್ತಿ ಮಲಗಿದರೂ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗೆ. ಸಣ್ಣ ಎಂಜಿನ್ನಿನಲ್ಲಿ ಕಳಕೊಂಡ ವೇಗ ಬೇಗ ವಾಪಸ್ ಬರಲ್ಲ. ಅದಕ್ಕೇ ನಮ್ಮ ರೇಸು ಪೂರ್ತಿ ತಿರುವುಗಳಲ್ಲಿ. ಬ್ರೇಕು ಎಲ್ಲಿ ಹಿಡಿದೆ, ಎಲ್ಲಿ ಬಿಟ್ಟೆ, ಕಣ್ಣು ಎಲ್ಲಿ ನೆಟ್ಟಿದ್ದೆ, ಇಷ್ಟೇ. ಒಂದೇ ತಿರುವನ್ನು ಎರಡು ದಿನದಲ್ಲಿ ಐವತ್ತು ಸಲ ತಗೊಂಡಾಗ ಒಂದು ಮೋಟಾರ್ ಬೈಕು ಉದ್ದದಷ್ಟು ತಡವಾಗಿ ಬ್ರೇಕ್ ಹಿಡಿಯೋ ಧೈರ್ಯ ಬರುತ್ತೆ. ಆ ಸಂತೋಷ ಹೇಳಿದರೆ ಅರ್ಥ ಆಗಲ್ಲ ಬಿಡಿ.

ಮಧ್ಯಾಹ್ನದ ಮೊದಲ ರೇಸಿನ ಮೂರನೇ ಸುತ್ತಿನಲ್ಲಿ ನನ್ನ ಮುಂದಿದ್ದ ಇಬ್ಬರು ಬ್ರೇಕ್ ಹಿಡಿಯೋ ಜಾಗದಲ್ಲಿ ತಾಗಿದರು. ಒಬ್ಬ ಬಿದ್ದ, ಗಾಡಿ ಒಂದು ಕಡೆ, ಅವನು ಒಂದು ಕಡೆ ಜಾರುತ್ತಾ ಹೋದರು. ನಾನು ಅಲ್ಲಿಗೆ ತಲುಪೋ ಹೊತ್ತಿಗೆ ಹಳದಿ ಬಾವುಟ ಬೀಸುತ್ತಿತ್ತು, ಮುಂದಿನ ಮಾರ್ಷಲ್ ಕಟ್ಟೆಯಲ್ಲಿ ಆಗಲೇ ಕೆಂಪು. ಅಲ್ಲಿಯವರೆಗೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಅಷ್ಟೂ ಜನ ಕೈ ಎತ್ತಿ, ವೇಗ ಇಳಿಸಿ, ಮದುವೆ ದಿಬ್ಬಣದ ಹಾಗೆ ಸಾಲಾಗಿ ವಾಪಸ್ ಬಂದೆವು. ಇಬ್ಬರು ಮಾರ್ಷಲ್‌ಗಳು ಬಿದ್ದವನ ಹತ್ತಿರ ಇದ್ದರು, ಆಂಬುಲೆನ್ಸ್ ಹೊರಟಿತ್ತು. ಕೈ ಮೂಳೆ ಒಂದು ಸೀಳಿತ್ತು ಅಷ್ಟೇ, ಸಂಜೆ ಪಟ್ಟಿ ಹಾಕಿಸಿಕೊಂಡು ಬಂದು ನಮ್ಮ ಜೊತೆ ಚಹಾ ಕುಡಿದ. ಆ ತಿರುವಿನ ಮಾರ್ಷಲ್ ಕಾಲೇಜು ಹುಡುಗ. ರೇಸು ಹೇಗಿತ್ತು ಅಂತ ನನ್ನ ತಮ್ಮ ಕೇಳಿದ್ದಕ್ಕೆ ತಮಿಳು, ಇಂಗ್ಲಿಷ್ ಎರಡೂ ಬೆರೆಸಿ ಹೇಳಿದ: ನಾವು ರೇಸ್ ನೋಡಲ್ಲ, ನಮ್ಮ ಮೂಲೆ ಮಾತ್ರ ನೋಡ್ತೀವಿ.

ಹಾಗಂತ ಟ್ರ್ಯಾಕು ದೇವರ ಮನೆ ಅಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಟ್ರ್ಯಾಕಿನಲ್ಲಿ, ಹೊಸಬರ ರೇಸಿನ ಮೊದಲ ತಿರುವಿನ ಹತ್ತಿರ ಬಿದ್ದು ಬೆಂಗಳೂರಿನ ಹದಿಮೂರು ವರ್ಷದ ಹುಡುಗ ತೀರಿಕೊಂಡ. ಬಾವುಟ, ಮಾರ್ಷಲ್, ಆಂಬುಲೆನ್ಸ್ ಎಲ್ಲ ಇತ್ತು. ಅದೇ ವರ್ಷದ ಜನವರಿಯಲ್ಲಿ ಅದೇ ಟ್ರ್ಯಾಕಿನಲ್ಲಿ ಐವತ್ತೊಂಬತ್ತು ವರ್ಷದ ಅನುಭವಿ ಕಾರ್ ರೇಸರ್ ಕೆ.ಇ. ಕುಮಾರ್ ಹೋದರು. ಶನಿವಾರ ರಾತ್ರಿ ರೂಮಿನಲ್ಲಿ ಲೈಟ್ ಆರಿಸಿದ ಮೇಲೆ ಅಪ್ಪ ಕತ್ತಲಲ್ಲಿ ಕೇಳಿದರು, "ಆ ಮಗು ವಿಷ್ಯ ಪೇಪರ್‌ನಲ್ಲಿ ಓದಿದ್ದೆ. ಇಂಥದೇ ಗಾಡಿನಾ?" ಹೆಚ್ಚುಕಮ್ಮಿ ಇಂಥದೇ ಅಂದೆ. ಅವರು ಮುಂದೆ ಕೇಳಲಿಲ್ಲ. ಇವತ್ತು ಹುಡುಗ ಬಿದ್ದಾಗಲೂ ಅವರು ಬೇಲಿ ಪಕ್ಕ ನಿಂತಿದ್ದರು, ಮೊದಲ ಒಂದೆರಡು ಕ್ಷಣ ಬಿದ್ದಿದ್ದು ಯಾರು ಅಂತ ಅವರಿಗೆ ಗೊತ್ತಾಗಿರಲಿಲ್ಲವಂತೆ. ಇದನ್ನ ತಮ್ಮ ಆಮೇಲೆ ಹೇಳಿದ. ಹದಿಮೂರಕ್ಕೆ ಅಷ್ಟು ಶಕ್ತಿಯ ಗಾಡಿ ಬೇಡ, ಸಣ್ಣ ಗಾಡಿ, ಸಣ್ಣ ಟ್ರ್ಯಾಕು ಸಾಕು ಅನ್ನೋದು ನನ್ನ ಅಭಿಪ್ರಾಯ. ಒಪ್ಪದವರು ಪ್ಯಾಡಕ್ಕಿನಲ್ಲೇ ಬೇಕಾದಷ್ಟು ಜನ ಇದ್ದಾರೆ.

ಭಾನುವಾರದ ರೇಸು ಆರು ಸುತ್ತು. ಒಂಬತ್ತನೇ ಸ್ಥಾನ ಬಂತು, ಕೊನೆ ಸುತ್ತಿನಲ್ಲಿ ಒಬ್ಬನನ್ನು ಬ್ರೇಕಿನಲ್ಲಿ ದಾಟಿದೆ, ಅವನು ಆಮೇಲೆ ಬಂದು ಕೈ ಕುಲುಕಿದ. ಆರು ಸುತ್ತು ಅಂದರೆ ಹನ್ನೆರಡೂವರೆ ಕಿಲೋಮೀಟರ್, ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋದಷ್ಟೂ ಇಲ್ಲ. ಅಷ್ಟಕ್ಕೆ ಎಂಟುನೂರು ಕಿಲೋಮೀಟರ್ ಪಿಕಪ್ ಓಡಿಸಿದ್ದು ಅಂತ ಚಿಕ್ಕಪ್ಪ ಈಗಲೂ ಲೆಕ್ಕ ಹೇಳ್ತಾರೆ.

ಸೋಮವಾರ ಬೆಳಿಗ್ಗೆ ಅಪ್ಪ ಮುಖ ತೊಳೆಯೋದಕ್ಕೂ ಮುಂಚೆ ಕನ್ನಡಿ ಎರಡೂ ತಂದು ನನ್ನ ಕೈಗೆ ಕೊಟ್ಟರು. ಹಾಕಿದೆ.

ಮುಂದಿನ ಭಾನುವಾರ ತಮ್ಮನ ಗುಂಪಿನವರು ಬಂದು ಹಾರನ್ ಹೊಡೆದರು. ಅವನು ಹೋದ. ನಾನು ತಡೆಯಲಿಲ್ಲ, ಅಮ್ಮ ನನ್ನ ಮೇಲೆ ರೇಗಿದಳು. ಮುಕ್ಕಾಲು ಗಂಟೆಗೇ ವಾಪಸ್ ಬಂದ, ಗಾಡಿ ಸ್ಟ್ಯಾಂಡ್ ಹಾಕಿ ಜಗಲಿ ಮೇಲೆ ಕೂತ. ಸ್ವಲ್ಪ ಹೊತ್ತಾದ ಮೇಲೆ ಅಂದ, "ಕೆರೆ ಏರಿ ಆದ್ಮೇಲಿನ ತಿರುವು ಇದೆಯಲ್ಲ, ಅಲ್ಲಿ ನೀನು ಬರೆದ ಗೆರೆ ಸರಿಯಾಗಿ ಆಚೆ ಪಕ್ಕಕ್ಕೇ ಹೋಗುತ್ತೆ ಕಣಣ್ಣ. ಹಾಲಿನ ವ್ಯಾನ್ ಬಂತು."

ಏನಾಯ್ತು ಅಂತ ಕೇಳಿದೆ. ಏನೂ ಆಗ್ಲಿಲ್ಲ ಅಂದ.

ಮುಂದಿನ ಸಲ ಹೋಗುವಾಗಲೂ ಬರ್ತಾನಂತೆ, ಮಾರ್ಷಲ್ ಆಗೋಕೆ ಏನು ಮಾಡಬೇಕು ಅಂತಾನೂ ವಿಚಾರಿಸ್ತಿದ್ದಾನೆ. ನಿಮ್ಮಲ್ಲಿ ಯಾರಾದರೂ ಬರೋರಿದ್ದರೆ ಮುಂಚೆಯೇ ಹೇಳಿ. ಪಿಕಪ್‌ನಲ್ಲಿ ಜಾಗ ಇದೆ, ಹಿಂದ್ಗಡೆ ಮಾತ್ರ, ಗಾಡಿ ಪಕ್ಕ. ಸ್ವಲ್ಪ ಕೊತ್ತಂಬರಿ ಸೊಪ್ಪಿನ ವಾಸನೆ ಇರುತ್ತೆ :)