ಇಪ್ಪತ್ತೊಂದನೆಯ ಕೊಡ

ಲೀಟರು, ಮಿಲಿಲೀಟರುಗಳ ಕೋಷ್ಟಕವನ್ನು ನಾನು ಮೂವತ್ತು ವರ್ಷಕ್ಕೂ ಮೀರಿ ಬಾಯಿಪಾಠ ಮಾಡಿಸಿದ್ದೇನೆ. ಕಿಲೋ, ಹೆಕ್ಟೋ, ಡೆಕಾ ಎಂದು ನೀವೆಲ್ಲ ರಾಗವಾಗಿ ಒಪ್ಪಿಸುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ಹೆಕ್ಟೋಲೀಟರನ್ನು ನಿಮ್ಮಲ್ಲಿ ಯಾರಾದರೂ ಎಂದಾದರೂ ಬಳಸಿದಿರಾ? ನಾನಂತೂ ಬಳಸಿಲ್ಲ.

1975ರ ಸುಮಾರಿನ ಮಾತು. ತೂಕ ಮತ್ತು ಅಳತೆಗಳ ಕಾಯಿದೆ 1956ರಲ್ಲಿಯೇ ಬಂದಿದ್ದರೂ ನಮ್ಮ ಹಳ್ಳಿಯ ಮನೆಗಳಲ್ಲಿ ರಾಗಿಗೆ ಸೇರು, ಅಕ್ಕಿಗೆ ಪಾವು ತಪ್ಪಿರಲಿಲ್ಲ. ಲೀಟರು ಪುಸ್ತಕದೊಳಗೆ ಮಾತ್ರ ಇತ್ತು. ಏಳನೆಯ ತರಗತಿಗೆ ನಾನೊಂದು ಲೆಕ್ಕ ಕೊಟ್ಟೆ: 1 ಮೀಟರು ಉದ್ದ, ಅರ್ಧ ಮೀಟರು ಅಗಲ, ಅರ್ಧ ಮೀಟರು ಆಳದ ತೊಟ್ಟಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ?

ಹಿಂದಿನ ಸಾಲಿನ ಒಬ್ಬ ಹುಡುಗ ಬರೆದಿದ್ದ ಉತ್ತರ: "21 ಕೊಡ. ಕೊನೆಯದು ಪೂರ್ತಿ ಬೇಡ."

ನಾನು ಅದನ್ನು ತರಗತಿಗೆಲ್ಲ ಓದಿ ಹೇಳಿದೆ. ಕೊಡವನ್ನು ಯಾವ ಕೋಷ್ಟಕದಲ್ಲಿ ಕಲಿತೆಯೋ ಎಂದು ಕೇಳಿದೆ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. "ನಮ್ಮ ಕೊಟ್ಟಿಗೆ ತೊಟ್ಟಿನೂ ಅಷ್ಟೇ ಐತೆ ಸಾ, ದಿನಾ ನಾನೇ ತುಂಬೋದು" ಎಂದು ಅವನು ಹೇಳಿದ್ದನ್ನು ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. ಸೊನ್ನೆ ಹಾಕಿ ಪುಸ್ತಕ ಹಿಂದಿರುಗಿಸಿದೆ.

ಕೆಲವು ವರ್ಷಗಳ ಬಳಿಕ ತಗಡಿನ ಕೆಲಸದವನಿಂದ ಒಂದು ಡಬ್ಬಿ ಮಾಡಿಸಿದೆ. ಒಳಗಡೆ ಎಲ್ಲ ಕಡೆಯೂ 10 ಸೆಂಟಿಮೀಟರು, ಅಂದರೆ 1000 ಘನ ಸೆಂಟಿಮೀಟರು. ಹಾಲಿನವನ ಒಂದು ಲೀಟರಿನ ಅಳತೆಯಿಂದ ನೀರು ಸುರಿದಾಗ ಡಬ್ಬಿ ಕಂಠಮಟ್ಟ ತುಂಬಿತು. ಮಕ್ಕಳು ಬೆರಗಾದರು, ನಿಜ ಹೇಳಬೇಕೆಂದರೆ ನಾನೂ ಬೆರಗಾದೆ. ಅಷ್ಟು ವರ್ಷ ಪಾಠ ಹೇಳಿಯೂ ನಾನು ಅದನ್ನು ಕಣ್ಣಾರೆ ಕಂಡಿರಲಿಲ್ಲ. ಒಂದು ಘನ ಮೀಟರಿಗೆ ಸಾವಿರ ಲೀಟರು ಏಕೆ, ಹತ್ತೇಕಲ್ಲ ಎಂದು ಮಕ್ಕಳು ಸದಾ ತೊಡರುತ್ತಿದ್ದರು. ಉದ್ದಕ್ಕೆ ಹತ್ತು ಡಬ್ಬಿ, ಅಗಲಕ್ಕೆ ಹತ್ತು ಸಾಲು, ಹಾಗೆ ಹತ್ತು ಅಂತಸ್ತು ಎಂದು ಡಬ್ಬಿ ಹಿಡಿದು ತೋರಿಸಿದರೆ ಮುಂದಿನ ಮಾತೇ ಬೇಡವಾಯಿತು. (ಲೀಟರೂ ಈ ಘನವೂ ನಿಖರವಾಗಿ ಒಂದೇ ಎಂದು ವಿಜ್ಞಾನಿಗಳು ಗೊತ್ತುಮಾಡಿದ್ದು 1964ರಲ್ಲಿ. 1901ರಿಂದ ಅಲ್ಲಿಯವರೆಗೆ ಒಂದು ಕಿಲೋಗ್ರಾಂ ನೀರಿನ ಗಾತ್ರವೇ ಲೀಟರು ಎನಿಸಿತ್ತು. ಅದು ಕೂದಲೆಳೆಯಷ್ಟು ದೊಡ್ಡದು.)

ಅದೇ ಸಂಜೆ, ಏನು ತೋಚಿತೋ, ನಮ್ಮ ಮನೆಯ ಹಿತ್ತಾಳೆ ಕೊಡವನ್ನೂ ಆ ಡಬ್ಬಿಯಿಂದ ಅಳೆದೆ. ಹನ್ನೆರಡು ಡಬ್ಬಿ ಹಿಡಿಯಿತು. ಇಪ್ಪತ್ತು ಕೊಡಕ್ಕೆ 240 ಲೀಟರು. ನನ್ನ ತೊಟ್ಟಿಯ ಲೆಕ್ಕದ ಉತ್ತರ 250. ಕೊಡವನ್ನು ಕೈಯಲ್ಲಿ ಹಿಡಿದು ಬಚ್ಚಲಲ್ಲಿ ಬಹಳ ಹೊತ್ತು ನಿಂತಿದ್ದೆ. ಆ ಹುಡುಗ ಅಷ್ಟರಲ್ಲಿ ಶಾಲೆ ಬಿಟ್ಟಾಗಿತ್ತು.

2009ರಲ್ಲಿ ಒಂದು ಮದುವೆಯಲ್ಲಿ ಅವನು ಸಿಕ್ಕ. ತಲೆ ನರೆತಿತ್ತು. ಊಟಕ್ಕೆ ಪಕ್ಕದ ಎಲೆಯಲ್ಲೇ ಕೂತ. ನಾನು ಸೊನ್ನೆಯ ವಿಷಯ ಎತ್ತಿ, ತಪ್ಪು ನನ್ನದು ಎಂದೆ.

"ಅದೆಲ್ಲ ಎಲ್ಲಿ ನೆನಪಿರ್ತದೆ, ಬಿಡಿ ಸಾ" ಎಂದು ಅವನು ಪಾಯಸ ಕಲಸಿಕೊಂಡ. ಸ್ವಲ್ಪ ಹೊತ್ತು ಬಿಟ್ಟು, ಎಲೆಯಿಂದ ಕಣ್ಣೆತ್ತದೆಯೇ ಕೇಳಿದ: "ಕೊನೇ ಕೊಡದಾಗೆ ಎಷ್ಟು ಉಳೀತಿತ್ತು ಸಾ?"

ಎರಡು ಲೀಟರು ಎಂದೆ.