ಕೆಂಪು ಐದು, ಹಸಿರು ಇಪ್ಪತ್ತೈದು

ಠಾಣೆಯ ನಮ್ಮ ಸೊಸೈಟಿಯಲ್ಲಿ ದೀಪಾವಳಿಯ ರಾತ್ರಿ ಇಸ್ಪೀಟು ಆಡುವುದು ವಾಡಿಕೆ. ಮೊದಲೆಲ್ಲ ತೀನ್ ಪತ್ತಿ ಆಡುತ್ತಿದ್ದೆವು. ಈಗ ಹುಡುಗರ ಒತ್ತಾಯಕ್ಕೆ ಪೋಕರ್ ಬಂದಿದೆ. ದುಡ್ಡಿನ ವ್ಯವಹಾರವಿಲ್ಲ. ಕೊನೆಗೆ ಯಾರ ಹತ್ತಿರ ಎಲ್ಲಕ್ಕಿಂತ ಕಡಿಮೆ ಚಿಪ್ಸ್ ಉಳಿಯುತ್ತವೋ ಅವರು ಮರುದಿನ ಎಲ್ಲರಿಗೂ ವಡಾಪಾವ್ ಕೊಡಿಸಬೇಕು, ಅಷ್ಟೇ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಗದಗಿನಿಂದ ನಮ್ಮಲ್ಲಿಗೆ ಬಂದರು. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೇ. ಇಸ್ಪೀಟಿಗೆ ಭಾಷೆ ಬೇಡವಲ್ಲ ಎಂದು ಹೋದ ವರ್ಷ ಅವರನ್ನೂ ಕೆಳಗೆ ಕರೆದೊಯ್ದೆ. "ಚಿಪ್ಸ್ ಇಟ್ಟು ಆಡ್ತಾರಪ್ಪಾ" ಎಂದರೆ "ಬಟಾಟಿವೋ, ಬಾಳಿಕಾಯಿವೋ?" ಎಂದು ಕೇಳಿದರು. ಊರಲ್ಲಿ ಅವರು ಪಣಕ್ಕಿಡುತ್ತಿದ್ದದ್ದು ಹುಣಸೆಬೀಜ, ಬೆಂಕಿಕಡ್ಡಿ.

ನನ್ನ ಗಂಡ ತಂದ ಪೆಟ್ಟಿಗೆಯಲ್ಲಿ ನಾಲ್ಕು ಬಣ್ಣದ ಬಿಲ್ಲೆಗಳಿದ್ದವು. ಅಮೆರಿಕದ ಕ್ಯಾಸಿನೊಗಳ ರೂಢಿಯಂತೆ ಬಿಳಿಗೆ ಒಂದು, ಕೆಂಪಿಗೆ ಐದು, ಹಸಿರಿಗೆ ಇಪ್ಪತ್ತೈದು, ಕಪ್ಪಿಗೆ ನೂರು. ಮೇಲೆ ಅಂಕಿ ಇರಲಿಲ್ಲ. ನಮ್ಮಂಥವರ ಆಟದಲ್ಲಿ ನೂರರ ಬಿಲ್ಲೆ ಹೊರಬರುವುದೇ ಅಪರೂಪ. ಕೈಯಿಂದ ಕೈಗೆ ಓಡಾಡುವುದೆಲ್ಲ ಚಿಲ್ಲರೆಯೇ.

ಆ ಚಿಲ್ಲರೆಯಲ್ಲೇ ಅಪ್ಪ ಎಡವಿದರು. ಐದು ಕಟ್ಟುವ ಕಡೆ ಇಪ್ಪತ್ತೈದು ಕಟ್ಟಿದರು. ಆಮೇಲೆ ಕೆಂಪು ಬಿಲ್ಲೆ ಹಾಕಿ ಇಪ್ಪತ್ತೈದು ಎಂದರು. ಹುಡುಗರು ನಕ್ಕರು. ಎದುರು ಮನೆಯಾಕೆ ನನ್ನನ್ನು ಪಕ್ಕಕ್ಕೆ ಕರೆದು, ಕಾಕಾಗೆ ಮರೆವು ಶುರುವಾದಂತಿದೆ, ಡಾಕ್ಟರಿಗೆ ತೋರಿಸಿ ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ದೊಡ್ಡಮ್ಮ ಕೊನೆಗೆ ಹೆತ್ತ ಮಕ್ಕಳ ಹೆಸರನ್ನೇ ಮರೆತಿದ್ದರು.

ಮರುದಿನದಿಂದ ಅಪ್ಪನ ಮೇಲೆ ಕಣ್ಣಿಟ್ಟೆ. ಹಾಲಿನ ಲೆಕ್ಕ ಕೇಳಿದೆ, ಪೈಸೆ ಸಹಿತ ಹೇಳಿದರು. ಮರೆವು ಎಲ್ಲೂ ಕಾಣಲಿಲ್ಲ. ಒಂದು ದಿನ ಮಗನ ಜೊತೆ ಕೂತು ಬಿಲ್ಲೆಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದರು. ಕೆಂಪು ಹಸಿರು ಎರಡನ್ನೂ ಒಂದೇ ಸಾಲಿಗೆ ಹಾಕಿದ್ದರು. ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಎರಡೂ ಒಂದ ಕಾಣಸ್ತಾವ ಯವ್ವಾ" ಎಂದರು.

ಕಣ್ಣಿನ ಡಾಕ್ಟರು ಚುಕ್ಕೆಗಳ ನಡುವೆ ಅಂಕಿ ಅಡಗಿಸಿಟ್ಟ ಪುಸ್ತಕ ತೆಗೆದರು. ಜಪಾನಿನ ವೈದ್ಯ ಇಶಿಹಾರಾ 1917ರಲ್ಲಿ ಹೊರತಂದ ಪರೀಕ್ಷೆ ಅದು. ನೋಡಿದ ಕೂಡಲೇ ಅಪ್ಪ ನಕ್ಕುಬಿಟ್ಟರು. "ಈ ಪುಸ್ತಕ ನಾ ನೋಡೇನ್ರಿ, 1974ರಾಗ."

ಇಪ್ಪತ್ತೊಂದನೇ ವಯಸ್ಸಿನಲ್ಲಿ ರೈಲ್ವೆ ಎಂಜಿನ್ ಕೆಲಸಕ್ಕೆ ಅರ್ಜಿ ಹಾಕಿ ಎಲ್ಲದರಲ್ಲೂ ಪಾಸಾಗಿ, ಕಣ್ಣಿನ ಪರೀಕ್ಷೆಯಲ್ಲಿ ನಿಂತುಹೋಗಿದ್ದರು. ಮನೆಯಲ್ಲಿ ಲೆಕ್ಕದಲ್ಲಿ ಫೇಲಾದೆ ಎಂದು ಹೇಳಿದ್ದರಂತೆ. "ಅವರದೇನ ತಪ್ಪು? ಕೆಂಪು ದೀಪ ತಿಳೀದಾವನ ಕೈಯಾಗ ಗಾಡಿ ಕೊಡಾಕ ಆಗತೈತೇನು? ನಿಮ್ಮವ್ವಗಷ್ಟ ಗೊತ್ತಿತ್ತು. ಅಂಗಿ ಅರಿವಿ ಎಲ್ಲಾ ಅಕಿನ ಆರಿಸ್ತಿದ್ಲು." ಅಪ್ಪ ಟೊಮ್ಯಾಟೊವನ್ನು ಯಾಕೆ ಒಂದೊಂದೇ ಒತ್ತಿ ನೋಡಿ ತರುತ್ತಿದ್ದರು ಎಂಬುದು ನನಗೆ ಆಗ ಹೊಳೆಯಿತು.

ಈ ದೋಷ ತಂದೆಯಿಂದ ಮಗಳಿಗೆ ಬಂದು, ಅವಳಿಗೆ ಕಾಣಿಸದೆ, ಅವಳ ಗಂಡುಮಗನಲ್ಲಿ ತಲೆ ಎತ್ತಬಹುದು, ಸಾಧ್ಯತೆ ಅರ್ಧಕ್ಕರ್ಧ ಎಂದರು ಡಾಕ್ಟರು. ಜೊತೆಗೆ ಬಂದಿದ್ದ ಹತ್ತು ವರ್ಷದ ಮಗನಿಗೂ ಪುಸ್ತಕ ತೋರಿಸಿದರು. ನನಗೆ 74 ಎಂದು ಕಂಡ ಪುಟದಲ್ಲಿ ಅವನು 21 ಎಂದು ಓದಿದ. ಅವನ ಅಜ್ಜನೂ ಹಾಗೇ ಓದಿದ್ದರು. ಎರಡು ವರ್ಷದ ಹಿಂದೆ ಮಾವಿನ ಎಲೆಗೆ ಕಂದು ಬಣ್ಣ ಬಳಿದಿದ್ದಕ್ಕೆ ಅವನನ್ನು ಬೈದು, ಇಡೀ ಚಿತ್ರ ಮತ್ತೆ ಬರೆಸಿದ್ದು ನಾನೇ. ನಿಮ್ಮ ಮನೆಯಲ್ಲೂ ಯಾವುದಾದರೂ ಮಗು ಹೀಗೆ ಬಳಿದಿದ್ದರೆ, ಬೈಯುವ ಮೊದಲು ಒಮ್ಮೆ ಕಣ್ಣು ತೋರಿಸಿ.

ಈ ವರ್ಷ ಬಣ್ಣ ಆರಿಸುವ ಕೆಲಸವನ್ನು ಅಜ್ಜ ಮೊಮ್ಮಗನಿಗೇ ಬಿಟ್ಟೆವು. ಐದಕ್ಕೆ ಹಳದಿ ಇಟ್ಟು ನೋಡಿದರು. ಹಾಲ್‌ನ ಹಳದಿ ದೀಪದ ಕೆಳಗೆ ಅದು ಬಿಳಿಯೊಂದಿಗೆ ಕಲೆತುಹೋಯಿತು. ಕಡುನೀಲಿ ಅಪ್ಪನ ಕಣ್ಣಿಗೆ ಕಪ್ಪಾಗಿಯೇ ಕಂಡಿತು. ಅಂಕಿ ಬರೆದರಾಯಿತಲ್ಲ ಎಂದರು ನನ್ನ ಗಂಡ. ಆದರೆ ಎದುರಿನವರ ಮುಂದೆ ಎಷ್ಟಿದೆ ಎಂದು ಕೂತಲ್ಲಿಂದಲೇ ತಿಳಿಯಬೇಕು, ಮೇಜಿನ ಆ ಬದಿಯ ಅಂಕಿ ಯಾರಿಗೆ ಕಾಣುತ್ತದೆ? ಕೊನೆಗೆ ಒಂದಕ್ಕೆ ಬಿಳಿ, ಐದಕ್ಕೆ ಆಕಾಶನೀಲಿ, ಇಪ್ಪತ್ತೈದಕ್ಕೆ ಕಪ್ಪು ಎಂದಾಯಿತು. ಮಗ ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ ನೋಡಿದ. ಬಣ್ಣ ಹೋದರೂ ಮೂರೂ ಬೇರೆ ಬೇರೆಯಾಗಿಯೇ ಉಳಿದವು. ನೂರಕ್ಕೆ, ಪೋಕರ್‌ನಲ್ಲಿ ಕೆಲಸವಿಲ್ಲದೆ ಕೂತಿರುವ ಜೋಕರ್ ಎಲೆಯೇ ಸಾಕು ಎಂದು ಅಪ್ಪ ತೀರ್ಮಾನಿಸಿದರು.

ದೀಪಾವಳಿಗೆ ಅಪ್ಪ ಯಾರೂ ಕರೆಯುವ ಮೊದಲೇ ಕೆಳಗೆ ಹೋಗಿ ಕೂತಿದ್ದರು. ಒಂದು ಬಿಲ್ಲೆಯೂ ತಪ್ಪಲಿಲ್ಲ. ಎಲೆ ಮಾತ್ರ ಒಂದೂ ಸರಿಯಾಗಿ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಮೊಮ್ಮಗನ ಕೈ ಹಿಡಿದುಕೊಂಡು ಹೋಗಿ ಹದಿನಾಲ್ಕು ವಡಾಪಾವ್ ತಂದರು.